ಪರೋಪಜೀವಿ

‘ಪರ’ ಎಂದರೆ ಬೇರೆಯವರು. ‘ಉಪಜೀವಿ’ ಎಂದರೆ ಒಂದನ್ನು ಆಶ್ರಯಿಸಿ ಬದುಕುವುದು. ಗುಣಸಂಧಿಯಾಗಿ ‘ಪರೋಪಜೀವಿ’. ಇಂಗ್ಲಿಷಿನ ‘ಪ್ಯಾರಸೈಟ್’ ಗ್ರೀಕ್ ಮೂಲದ್ದು. ಅಲ್ಲಿ ‘ಪರಾ’ ಪಕ್ಕ, ‘ಸಿಟೋಸ್’ ಧಾನ್ಯ, ಆಹಾರ. ಇನ್ನೊಬ್ಬರ ಪಂಕ್ತಿಯಲ್ಲಿ ಉಣ್ಣುವವನು ಎಂಬುದು ಅದರ ಹಳೆಯ ಅರ್ಥ.

ಬಳಕೆ: ಕೊಂಡಜ್ಜಿಯಂಥ ಕೆರೆಗಳ ಸಿಹಿನೀರಲ್ಲಿ ಬೆಳೆಯುವ ಕಟ್ಲಾ, ರೋಹುಗಳ ಕಿವಿರಿಗೆ ಡ್ಯಾಕ್ಟೈಲೋಗೈರಸ್ ಎಂಬ ಪರೋಪಜೀವಿ ಹುಳು ಅಂಟುತ್ತದೆ. ಹಿಂಬದಿಯ ಕೊಕ್ಕೆಗಳನ್ನು ನೆಟ್ಟು ಕೂರುತ್ತದೆ. ಕಿವಿರಿನ ಮುಚ್ಚಳ ಎತ್ತಿದರೆ ಕೆಂಪು ಎಸಳುಗಳು ಬಿಳಿಚಿ, ಲೋಳೆ ಕಟ್ಟಿರುವುದು ಕಾಣುತ್ತದೆ. ಉಸಿರು ಸಾಲದ ಮೀನು ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತದೆ. ಹವಳದ ದಿಬ್ಬಗಳ ಕಡಲಮೀನಿಗೂ ಇದೇ ಬಳಗದ ಹುಳುಗಳ ಕಾಟವುಂಟು.

ದುಡಿಯಲಾಗದ ವೃದ್ಧರನ್ನು, ರೋಗಿಗಳನ್ನು ಈ ಪದದಿಂದ ಕರೆಯುವುದು ಸಲ್ಲದು. ಆಸರೆ ಪಡೆಯುವುದು ಬೇರೆ, ಆಸರೆ ಕೊಟ್ಟ ಮೈಯನ್ನೇ ತಿನ್ನುವುದು ಬೇರೆ.