ಬತ್ತಿದ ಬಾವಿಗೆ ಮತ್ತೆ ಜೀವ: ಗುಜರಾತಿನ ತೈಲ ಬಯಲುಗಳ ಇನ್ನೊಂದು ಚರಿತ್ರೆ

ಭಾರತದ ತೈಲ ಅಂದ ಕೂಡಲೇ ನಮಗೆ ನೆನಪಾಗೋದು ಎರಡೇ ಚಿತ್ರ. ಒಂದು, ಸಮುದ್ರದ ನಡುವೆ ನಿಂತ ಬಾಂಬೆ ಹೈ. ಇನ್ನೊಂದು, ಕೊಲ್ಲಿ ದೇಶಗಳಿಂದ ಬರೋ ಟ್ಯಾಂಕರ್ ಹಡಗು. ಆದರೆ ಅಹಮದಾಬಾದಿನ ನರೋಡಾ ಕಡೆ ಕೆಲಸಕ್ಕಿರುವ ನಮ್ಮ ಕನ್ನಡದವರು ಊರು ದಾಟಿ ಸ್ವಲ್ಪ ದೂರ ಹೋದರೆ ಮೂರನೇ ಚಿತ್ರವೊಂದು ಸಿಗುತ್ತೆ. ಉತ್ತರಕ್ಕೆ ಕಲೋಲ್, ಪಶ್ಚಿಮಕ್ಕೆ ಸಾನಂದ್, ದಕ್ಷಿಣಕ್ಕೆ ನವಾಗಾಮ್. ಈ ಊರುಗಳ ಹೊಲಗಳ ನಡುವೆ ಬೇಲಿ ಹಾಕಿದ ಸಣ್ಣ ಜಾಗ, ಅದರೊಳಗೆ ತಲೆ ತಗ್ಗಿಸಿ ಎತ್ತುತ್ತಾ ಇರುವ ಕಬ್ಬಿಣದ ಯಂತ್ರ. ನಮ್ಮ ಅಜ್ಜಂದಿರ ಕಾಲದ ಏತ ಇತ್ತಲ್ಲ, ಹೆಚ್ಚು ಕಡಿಮೆ ಅದೇ ಆಕಾರ. ಇದು ಎತ್ತೋದು ನೀರನ್ನಲ್ಲ, ಎಣ್ಣೆಯನ್ನ.

ಈ ಬಯಲುಗಳಲ್ಲಿ ಹಲವು ಅರವತ್ತು ವರ್ಷ ದಾಟಿವೆ. ಪುಸ್ತಕಗಳು ಎಣ್ಣೆ ಸಿಕ್ಕ ದಿನದ ಕಥೆ ಹೇಳುತ್ತವೆ. ನಾವು ಇವತ್ತು ಮಾತಾಡೋಣ ಅಂತಿರೋದು ಆಮೇಲಿನ ಕಥೆ. ಸಿಕ್ಕಿದ್ದನ್ನ ಉಳಿಸಿಕೊಂಡದ್ದು ಹೇಗೆ? ನಿಂತು ಹೋದದ್ದನ್ನ ಮತ್ತೆ ನಡೆಸಿದ್ದು ಹೇಗೆ?

ಎರಡು ವಾರದ ರಾಜ್ಯ

ಮೊದಲು ಹಿನ್ನೆಲೆ, ಚುಟುಕಾಗಿ. ಸ್ವಾತಂತ್ರ್ಯ ಬಂದಾಗ ನಮ್ಮ ಸ್ವಂತ ಎಣ್ಣೆ ಅಂದ್ರೆ ಅಸ್ಸಾಮಿನ ದಿಗ್ಬೋಯಿ, ಅಷ್ಟೇ. 1956ರಲ್ಲಿ ಓಎನ್‌ಜಿಸಿ ಹುಟ್ಟಿತು. ಅದರ ಬೆನ್ನಿಗೆ ನಿಂತವರು ಕೇಂದ್ರ ಸಚಿವ ಕೇಶವದೇವ ಮಾಳವೀಯ. ತಂತ್ರಜ್ಞಾನ, ತಜ್ಞರು, ರಿಗ್‌ಗಳು ಸೋವಿಯತ್ ಒಕ್ಕೂಟದಿಂದ ಬಂದವು. 1958ರಲ್ಲಿ ಖಂಭಾತ್ ಹತ್ತಿರದ ಲುಣೇಜ್‌ನಲ್ಲಿ ಎಣ್ಣೆ ಕಂಡಿತು. 1960ರ ಮೇ 1ಕ್ಕೆ ಗುಜರಾತ್ ರಾಜ್ಯವಾಯಿತು. ಮೇ 14ಕ್ಕೆ ಅಂಕಲೇಶ್ವರದಲ್ಲಿ ದೊಡ್ಡ ನಿಕ್ಷೇಪ ಸಿಕ್ಕಿತು. ರಾಜ್ಯಕ್ಕಿನ್ನೂ ಎರಡು ವಾರ! ಆ ಬಾವಿಗೆ ನೆಹರೂ 'ವಸುಧಾರಾ' ಅಂತ ಹೆಸರಿಟ್ಟರು. ಮುಂದೆ ಕಲೋಲ್, ಸಾನಂದ್, ನವಾಗಾಮ್ ಸಾಲಾಗಿ ಬಂದವು. ಶುರುವಿನಲ್ಲಿ ಅಂಕಲೇಶ್ವರದ ಎಣ್ಣೆ ರೈಲು ವ್ಯಾಗನ್‌ಗಳಲ್ಲಿ ಮುಂಬೈನ ಟ್ರಾಂಬೆಗೆ ಹೋಗುತ್ತಿತ್ತು. 1965ರಲ್ಲಿ ವಡೋದರಾ ಪಕ್ಕದ ಕೋಯಲಿ ರಿಫೈನರಿ ಶುರುವಾಯಿತು.

ಸಂಭ್ರಮದ ಭಾಗ ಇಲ್ಲಿಗೆ ಮುಗೀತು. ಇನ್ನು ಮುಂದಿನದ್ದು ದುಡಿಮೆ.

ಬಾವಿ ಯಾಕೆ ನಿಲ್ಲುತ್ತೆ?

ಭೂಮಿಯೊಳಗೆ ಎಣ್ಣೆಯ ಕೆರೆ ಇರುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ನೆನೆಸಿದ ಅವಲಕ್ಕಿ ನೀರು ಹಿಡಿದುಕೊಂಡಿರುವ ಹಾಗೆ, ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಎಣ್ಣೆ ಕೂತಿರುತ್ತೆ. ಜೊತೆಗೆ ಗ್ಯಾಸ್, ನೀರು. ಬಾವಿ ಕೊರೆದ ಮೊದಲ ವರ್ಷಗಳಲ್ಲಿ ಒಳಗಿನ ಒತ್ತಡವೇ ಎಣ್ಣೆಯನ್ನ ಮೇಲಕ್ಕೆ ತಳ್ಳುತ್ತೆ, ಸೋಡಾ ಬಾಟಲಿ ತೆರೆದ ಹಾಗೆ. ಒತ್ತಡ ಇಳಿದ ಮೇಲೆ ಎಣ್ಣೆ ತಾನಾಗಿ ಬರಲ್ಲ. ಆಗ ಬರೋದು ಆ ಏತದಂಥ ಪಂಪು, ಇಲ್ಲವೇ ಕೊಳವೆಯೊಳಗೆ ಗ್ಯಾಸ್ ಬಿಟ್ಟು ಎಣ್ಣೆಯನ್ನ ಹಗುರ ಮಾಡಿ ಎತ್ತುವ ಗ್ಯಾಸ್ ಲಿಫ್ಟ್.

ಒತ್ತಡ ಒಂದೇ ಅಲ್ಲ, ಕಾಟ ಬೇರೆಯೂ ಇವೆ. ನವಾಗಾಮ್‌ನ ಎಣ್ಣೆಯಲ್ಲಿ ಮೇಣ ಜಾಸ್ತಿ. ಚಳಿಗಾಲದಲ್ಲಿ ನಮ್ಮ ಮನೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತಲ್ಲ, ಹಾಗೆ ಇದು ಕೊಳವೆಯಲ್ಲೇ ಹೆಪ್ಪುಗಟ್ಟುತ್ತೆ. ಕೆಲವು ಬಾವಿಗಳಲ್ಲಿ ಮರಳು ಬಂದು ತುಂಬಿಕೊಳ್ಳುತ್ತೆ. ಹಳೇ ಕೊಳವೆಗೆ ತುಕ್ಕು ಹಿಡಿಯುತ್ತೆ. ಎಲ್ಲಕ್ಕಿಂತ ದೊಡ್ಡದು ನೀರು. ಬಯಲಿಗೆ ವಯಸ್ಸಾದಷ್ಟೂ ಎಣ್ಣೆಯ ಜೊತೆ ಬರುವ ನೀರು ಹೆಚ್ಚುತ್ತಾ ಹೋಗುತ್ತೆ. ಒಂದು ಹಂತದಲ್ಲಿ ಎಣ್ಣೆಗಿಂತ ನೀರೇ ಜಾಸ್ತಿ.

ಹಾಗಾಗಿ ಹಳೇ ಬಯಲಿನಲ್ಲಿ ಅರ್ಧ ಯುದ್ಧ ನಡೆಯೋದು ಬಾವಿಯಲ್ಲಲ್ಲ, ಸಂಗ್ರಹ ಕೇಂದ್ರದಲ್ಲಿ. ಸುತ್ತಲಿನ ಹತ್ತಾರು ಬಾವಿಗಳ ಕೊಳವೆಗಳು ಬಂದು ಸೇರುವ ಜಾಗ ಅದು. ಅಲ್ಲಿ ಮೊದಲು ಗ್ಯಾಸ್ ಬೇರೆ ಮಾಡಬೇಕು. ಎಣ್ಣೆ-ನೀರು ಮಾತ್ರ ಸುಲಭಕ್ಕೆ ಬೇರೆ ಆಗಲ್ಲ, ಒಂದರೊಳಗೊಂದು ಸೇರಿಬಿಟ್ಟಿರುತ್ತವೆ. ಅದನ್ನ ಬಿಸಿ ಮಾಡಿ, ರಾಸಾಯನಿಕ ಬೆರೆಸಿ, ಟ್ಯಾಂಕಿನಲ್ಲಿ ತಿಳಿಯಾಗೋಕೆ ಬಿಟ್ಟು ಎಣ್ಣೆ ತೆಗೀಬೇಕು. ಉಳಿದ ನೀರು ಉಪ್ಪು ನೀರು. ಹೊಲಕ್ಕೋ ಹಳ್ಳಕ್ಕೋ ಬಿಟ್ಟರೆ ರೈತರ ನೆಲ ಹಾಳು. ಅದನ್ನ ಶುದ್ಧ ಮಾಡಿ ಮತ್ತೆ ಭೂಮಿಯೊಳಗೇ ಇಳಿಸಬೇಕು. ಸರಿಯಾಗಿ ಇಳಿಸಿದರೆ ಅದೇ ನೀರು ಒಳಗಿನ ಒತ್ತಡವನ್ನೂ ಕಾಪಾಡುತ್ತೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ನೀರು ಸಂಸ್ಕರಿಸೋ ಘಟಕ ಕೆಟ್ಟರೆ, ಚೆನ್ನಾಗಿ ಓಡ್ತಿರೋ ಬಾವಿಯನ್ನೂ ನಿಲ್ಲಿಸಬೇಕಾಗುತ್ತೆ. ಅದಕ್ಕೇ ನಿಂತ ಬಯಲನ್ನ ಮತ್ತೆ ಶುರು ಮಾಡೋದು ಅಂದ್ರೆ ಮೊದಲು ಟ್ಯಾಂಕು, ವಾಲ್ವು, ಕೊಳವೆ ಸಾಲಿನ ಒತ್ತಡ ಪರೀಕ್ಷೆ, ಬೆಂಕಿ ನಂದಿಸುವ ವ್ಯವಸ್ಥೆ. ಬಾವಿಯ ಸರದಿ ಆಮೇಲೆ.

ಮತ್ತೆ ತೆರೆಯೋದು ಆಟವಲ್ಲ

ಬಾವಿಯ ಸರದಿ ಬಂದಾಗ ಮಾಡೋ ಕೆಲಸಕ್ಕೆ ವರ್ಕ್‌ಓವರ್ ಅಂತಾರೆ. ಒಂದು ಸಣ್ಣ ರಿಗ್ ತಂದು ನಿಲ್ಲಿಸಿ, ಭಾರವಾದ ದ್ರವ ತುಂಬಿ ಬಾವಿಯನ್ನ ಅದುಮಿಟ್ಟು, ಒಳಗಿನ ಕೊಳವೆಗಳನ್ನ ಹೊರಗೆ ಎಳೆದು, ಮರಳು-ಮೇಣ ತೆಗೆದು, ಬೇಕಾದರೆ ಬೇರೆ ಪದರಕ್ಕೆ ಹೊಸ ರಂಧ್ರ ಹೊಡೆಯೋದು. ಬೋರ್‌ವೆಲ್ ಫ್ಲಶ್ ಮಾಡಿಸಿದವರಿಗೆ ಅರ್ಧ ಅರ್ಥವಾಗಿರುತ್ತೆ. ಉಳಿದರ್ಧ ಅಪಾಯ.

ಆ ಅಪಾಯ ಎಂಥದ್ದು ಅಂತ ತಿಳಿಯೋಕೆ ಗುಜರಾತ್ ಬಿಟ್ಟು ಒಂದು ಕ್ಷಣ ಅಸ್ಸಾಮಿಗೆ ಹೋಗೋಣ. 2020ರ ಮೇ 27ರಂದು ಬಾಘಜಾನ್‌ನಲ್ಲಿ ಆಯಿಲ್ ಇಂಡಿಯಾದ ಒಂದು ಗ್ಯಾಸ್ ಬಾವಿ ಹಿಡಿತ ತಪ್ಪಿ ಉಕ್ಕಿತು. ಆಗ ಅಲ್ಲಿ ನಡೀತಿದ್ದದ್ದು ಹೊಸ ಬಾವಿ ಕೊರೆಯೋ ಕೆಲಸ ಅಲ್ಲ, ವರ್ಕ್‌ಓವರ್. ಜೂನ್ 9ಕ್ಕೆ ಬೆಂಕಿ ಹತ್ತಿತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಜೀವ ಕಳಕೊಂಡರು, ಸಾವಿರಾರು ಜನ ಮನೆ ಬಿಟ್ಟರು. ಬಾವಿಯನ್ನ ಪೂರ್ತಿ ತಣ್ಣಗಾಗಿಸುವಾಗ ನವೆಂಬರ್ ಬಂದಿತ್ತು. ಹಳೇ ಬಾವಿ ಅಂದ್ರೆ ಸತ್ತ ಬಾವಿ ಅಂತ ಅಲ್ಲ.

ಭೂಮಿಯೊಳಗೆ ಬೆಂಕಿ

ಈಗ ವಾಪಸ್ ಗುಜರಾತಿಗೆ. ಅಹಮದಾಬಾದಿನಿಂದ ಉತ್ತರಕ್ಕೆ ಮೆಹಸಾಣಾ ಜಿಲ್ಲೆ. ಅಲ್ಲಿ 1970ರಲ್ಲಿ ಬಲೋಲ್, ಮರುವರ್ಷ ಸಂಥಾಲ್ ಬಯಲುಗಳು ಸಿಕ್ಕವು. ಎಣ್ಣೆ ಬೇಕಾದಷ್ಟಿತ್ತು, ಆದರೆ ಜೋನಿಬೆಲ್ಲದಷ್ಟು ಮಂದ. ಪಂಪು ಹಾಕಿದರೂ ಒಳಗಿರುವುದರಲ್ಲಿ ನೂರಕ್ಕೆ ಹತ್ತು-ಹದಿನೈದು ಪಾಲು ಬರಬಹುದು, ಅಷ್ಟೇ. ಮಿಕ್ಕದ್ದು ಕಲ್ಲಿಗೇ ಅಂಟಿಕೊಂಡಿರುತ್ತೆ.

ಜೋನಿಬೆಲ್ಲ ಗಟ್ಟಿಯಾದರೆ ಏನು ಮಾಡ್ತೀವಿ? ಬಿಸಿ ಮಾಡ್ತೀವಿ. ಓಎನ್‌ಜಿಸಿಯವರು ಮಾಡಿದ್ದೂ ಅದನ್ನೇ. ಬಾವಿಯ ಮೂಲಕ ಗಾಳಿ ತುಂಬಿ, ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ ಎಣ್ಣೆಯ ಒಂದು ಸಣ್ಣ ಪಾಲಿಗೆ ಬೆಂಕಿ ಹಚ್ಚಿದರು. ಆ ಶಾಖಕ್ಕೆ ಮುಂದಿನ ಎಣ್ಣೆ ತೆಳುವಾಗಿ, ಹೊಗೆಯ ಒತ್ತಡಕ್ಕೆ ಪಕ್ಕದ ಬಾವಿಗಳ ಕಡೆ ಸರಿಯುತ್ತೆ. ಬಲೋಲ್‌ನಲ್ಲಿ ಪ್ರಯೋಗ ಶುರುವಾದದ್ದು 1990ರಲ್ಲಿ. ದೊಡ್ಡ ಪ್ರಮಾಣಕ್ಕೆ ಬಂದದ್ದು 1997ರಲ್ಲಿ. ಸಿಗುವ ಪಾಲನ್ನ ಎರಡು-ಮೂರು ಪಟ್ಟು ಮಾಡಬಹುದು ಅನ್ನೋದು ಲೆಕ್ಕಾಚಾರ.

ಆದರೆ ಗಾಳಿ ತುಂಬೋ ಕಂಪ್ರೆಸರ್ ನಿಲ್ಲೋ ಹಾಗಿಲ್ಲ. ನಿಂತರೆ ಬೆಂಕಿ ಆರಬಹುದು. ಇನ್ನೂ ಕೆಟ್ಟದ್ದು, ಎಣ್ಣೆ ಹಿಂದಕ್ಕೆ ಹರಿದು ಗಾಳಿಯ ಬಾವಿಯೊಳಗೇ ಸ್ಫೋಟ ಆಗಬಹುದು. ರಾತ್ರಿ ಪಾಳಿಯಲ್ಲಿ ಆನ್‌ಕಾಲ್ ಇದ್ದು, ಸರ್ವರ್ ಬೀಳದ ಹಾಗೆ ಕಾದವರಿಗೆ ಈ ಒತ್ತಡ ಗೊತ್ತು. ವ್ಯತ್ಯಾಸ ಏನಂದ್ರೆ, ಇಲ್ಲಿ ರೀಸ್ಟಾರ್ಟ್ ಬಟನ್ ಇಲ್ಲ.

ಎಲ್ಲ ಕಡೆ ಬೆಂಕಿ ಬೇಕಾಗಿಲ್ಲ. ಸಾನಂದ್‌ನಲ್ಲಿ ಎಣ್ಣೆ ಅಷ್ಟು ಮಂದ ಇರಲಿಲ್ಲ. ಅಲ್ಲಿ ನೀರಿಗೇ ಪಾಲಿಮರ್ ಬೆರೆಸಿ ಗಂಜಿಯ ಹಾಗೆ ದಪ್ಪ ಮಾಡಿ ಒಳಗೆ ಬಿಟ್ಟರು. ಬರೀ ನೀರು ಎಣ್ಣೆಯ ಪಕ್ಕ ನುಸುಳಿ ಓಡಿಬಿಡುತ್ತೆ. ದಪ್ಪ ನೀರು ಎಣ್ಣೆಯನ್ನ ಮುಂದೆ ದೂಡಿಕೊಂಡು ಹೋಗುತ್ತೆ.

ಸಣ್ಣ ಬಯಲಿಗೆ ಯಾರು ಗತಿ?

ಇಷ್ಟೆಲ್ಲ ಖರ್ಚು ದೊಡ್ಡ ಬಯಲಿಗೆ ಸರಿ. ದಿನಕ್ಕೆ ಕೆಲವೇ ಬ್ಯಾರೆಲ್ ಕೊಡೋ ಸಣ್ಣವಕ್ಕೆ? ದೊಡ್ಡ ಸಂಸ್ಥೆಯ ಲೆಕ್ಕದಲ್ಲಿ ಅವು ಯಾವಾಗಲೂ ಕೊನೇ ಸಾಲು. 1991ರ ಆರ್ಥಿಕ ಉದಾರೀಕರಣದ ನಂತರ ಸರ್ಕಾರ ಇಂಥ ಬಯಲುಗಳನ್ನ ಖಾಸಗಿಯವರಿಗೆ ಒಪ್ಪಂದದ ಮೇಲೆ ಕೊಡಲು ಶುರು ಮಾಡಿತು. ಬಾಕ್ರೋಲ್, ಇಂದ್ರೋರಾ, ಲೋಹಾರ್ ಬಯಲುಗಳು 1995ರಲ್ಲಿ ಸೆಲಾನ್ ಎಂಬ ಚಿಕ್ಕ ಕಂಪನಿಗೆ ಹೋದವು. 1958ರಲ್ಲಿ ಎಲ್ಲ ಶುರುವಾದ ಆ ಖಂಭಾತ್ ಬಯಲೂ ಹೀಗೇ ಕೈ ಬದಲಾಯಿಸಿತು. 2015ರಲ್ಲಿ ಇನ್ನೂ 69 ಸಣ್ಣ ಬಯಲುಗಳನ್ನ ಹರಾಜಿಗೆ ಇಡುವ ನೀತಿ ಬಂತು.

ಫಲ ಒಂದೇ ಥರ ಇಲ್ಲ. ಬೆಲೆ ಏರಿದಾಗ ಉತ್ಸಾಹ, ಇಳಿದಾಗ ಬಾವಿ ಮುಚ್ಚು. ಕಲ್ಲು ಬದಲಾಗಲ್ಲ, ಬ್ಯಾರೆಲ್ ಬೆಲೆ ಬದಲಾಗುತ್ತೆ. ಹಾಗಾಗಿ 'ಬತ್ತಿದ ಬಾವಿ' ಅನ್ನೋ ಮಾತಿನಲ್ಲಿ ಭೂಗರ್ಭಶಾಸ್ತ್ರ ಅರ್ಧ, ಲೆಕ್ಕಪತ್ರ ಅರ್ಧ.

ನಮಗೇನು ಸಂಬಂಧ?

ಕರ್ನಾಟಕದಲ್ಲಿ ಎಣ್ಣೆ ಬಾವಿಯಿಲ್ಲ. ನಮ್ಮಲ್ಲಿರೋದು ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿ, 2003ರಿಂದ ಅದೂ ಓಎನ್‌ಜಿಸಿ ಬಳಗದ್ದೇ. ಜೊತೆಗೆ ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನ ಬಂಡೆಗಳೊಳಗೆ ಆಪತ್ಕಾಲಕ್ಕೆಂದು ಕಚ್ಚಾ ತೈಲ ತುಂಬಿಡುವ ಗುಹೆಗಳು. ದೇಶ ಬಳಸೋ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಹೊರಗಿನದು. ಗುಜರಾತಿನ ಈ ಮುದಿ ಬಯಲುಗಳು ಆ ಲೆಕ್ಕವನ್ನ ತಲೆಕೆಳಗು ಮಾಡಲ್ಲ, ನಿಜ. ಆದರೆ ಬಾವಿ ಕೊರೆದಾಗಿದೆ, ಕೊಳವೆ ಹಾಕಿಯಾಗಿದೆ, ಕೆಲಸ ಬಲ್ಲ ಜನ ಅಲ್ಲೇ ಇದ್ದಾರೆ. ಅಲ್ಲಿಂದ ಬರೋ ಪ್ರತಿ ಬ್ಯಾರೆಲ್‌ಗೂ ಡಾಲರ್ ಎಣಿಸಬೇಕಿಲ್ಲ.

ಇನ್ನು ಮುಂದೆ ಕೇಳಬೇಕಾದ ಪ್ರಶ್ನೆ ಎರಡು. ಯಾವ ಬಾವಿಯನ್ನ ಮತ್ತೆ ನಡೆಸೋದು? ಯಾವುದನ್ನ ಸಿಮೆಂಟು ತುಂಬಿ ಶಾಶ್ವತವಾಗಿ ಮುಚ್ಚಿ, ನೆಲವನ್ನ ರೈತನಿಗೆ ವಾಪಸ್ ಕೊಡೋದು? ಎರಡೂ ಮಾಡದೆ ಹಾಗೇ ಬಿಟ್ಟರೆ, ತುಕ್ಕು ಹಿಡಿದ ಕೊಳವೆ ಒಂದು ದಿನ ಸೋರುತ್ತೆ. ಅದರ ಬೆಲೆ ಕಟ್ಟೋದು ಪಕ್ಕದ ಹೊಲದವನು. ಮುಂದಿನ ಸಲ ಕಲೋಲ್ ದಾರಿಯಲ್ಲಿ ಆ ಕಬ್ಬಿಣದ ಏತ ಕಂಡರೆ, ಅದು ಓಡ್ತಾ ಇದೆಯೋ ನಿಂತಿದೆಯೋ ನೋಡಿ. ನಿಂತಿದ್ದರೆ ಯಾಕೆ ಅಂತ ಊರವರನ್ನ ಕೇಳಿ.