ಓದು ಬಂದ ಕತ್ತೆಯ ಮೌನ



ಜಾರ್ಜ್ ಆರ್ವೆಲ್‌ನ 'ಅನಿಮಲ್ ಫಾರ್ಮ್' ಬಗ್ಗೆ ಮಾತಾಡೋರೆಲ್ಲ ಹಂದಿಗಳ ಬಗ್ಗೆನೇ ಮಾತಾಡ್ತಾರೆ. ನನ್ನನ್ನ ಕಾಡೋದು ಅದರಲ್ಲಿರೋ ಮುದಿ ಕತ್ತೆ, ಬೆಂಜಮಿನ್. ಅದಕ್ಕೂ ಮೊದಲು ಸ್ವಲ್ಪ ಚರಿತ್ರೆ.

ಆರ್ವೆಲ್ ಹುಟ್ಟಿದ್ದು 1903ರಲ್ಲಿ, ಬಿಹಾರದ ಮೋತಿಹಾರಿಯಲ್ಲಿ. ಅಪ್ಪ ಬ್ರಿಟಿಷರ ಅಫೀಮು ಇಲಾಖೆಯ ನೌಕರ. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಿಂದ 1943ರವರೆಗೆ, ಆರ್ವೆಲ್ ಲಂಡನ್ನಿನ ಬಿಬಿಸಿಯಲ್ಲಿ ಕೂತು ಭಾರತದ ಕೇಳುಗರಿಗೆ ಬ್ರಿಟಿಷರ ಪರವಾದ ಕಾರ್ಯಕ್ರಮ ಮಾಡ್ತಿದ್ದ. ಪ್ರಚಾರ ಹೇಗೆ ತಯಾರಾಗುತ್ತೆ ಅನ್ನೋದನ್ನ ಒಳಗಿಂದಲೇ ಕಂಡವನು. ಆ ಕೆಲಸ ಬಿಟ್ಟ ಮೇಲೆ ಬರೆದದ್ದು ಈ ಕತೆ. ರಷ್ಯಾ ಆಗ ಬ್ರಿಟನ್ನಿನ ಮಿತ್ರರಾಷ್ಟ್ರ. ಸ್ಟಾಲಿನ್ನನ್ನು ಟೀಕಿಸುವ ಪುಸ್ತಕ ನಮಗೆ ಬೇಡ ಅಂತ ಪ್ರಕಾಶಕರು ವಾಪಸ್ ಕಳಿಸಿದರು. ಕೊನೆಗೆ ಅಚ್ಚಾಗಿದ್ದು 1945ರ ಆಗಸ್ಟ್‌ನಲ್ಲಿ.

ಕತೆಯಲ್ಲಿ ಪ್ರಾಣಿಗಳು ಮಾಲೀಕನನ್ನು ಓಡಿಸಿ, ಗೋಡೆ ಮೇಲೆ ಏಳು ಕಟ್ಟಳೆ ಬರೀತವೆ. ಆಮೇಲೆ ಹಂದಿಗಳು ಮಾಲೀಕನ ಮಂಚದಲ್ಲಿ ಮಲಗಿದಾಗ ಒಂದು ಕಟ್ಟಳೆಗೆ ಹೊಸ ಪದ ಸೇರಿರುತ್ತೆ. ಕುಡಿದಾಗ ಇನ್ನೊಂದಕ್ಕೆ. ಕೊಂದಾಗ ಮತ್ತೊಂದಕ್ಕೆ. ಮೊದಲಿಂದಲೂ ಹೀಗೇ ಇತ್ತು, ಮರೆತವರು ನೀವೇ ಅಂತ ಸ್ಕ್ವೀಲರ್ ಹಂದಿ ನಂಬಿಸುತ್ತೆ. ರಷ್ಯಾದಲ್ಲಿ ನಡೆದದ್ದೂ ಇದೇ. 1917ರ ಕ್ರಾಂತಿಯ ಮುಂಚೂಣಿಯಲ್ಲಿದ್ದ ಟ್ರಾಟ್ಸ್ಕಿಯನ್ನು 1929ರಲ್ಲಿ ದೇಶದಿಂದಲೇ ಹೊರಹಾಕಿದರು. ಹಳೇ ಫೋಟೋಗಳಿಂದಲೂ ಅಳಿಸಿದರು.

ಬೆಂಜಮಿನ್‌ಗೆ ಹಂದಿಗಳಷ್ಟೇ ಚೆನ್ನಾಗಿ ಓದೋಕೆ ಬರುತ್ತೆ. ಆದ್ರೆ ಓದಲ್ಲ. ಗೋಡೆ ಮೇಲೇನಿದೆ ಹೇಳು ಅಂತ ಕುದುರೆ ಕ್ಲೋವರ್ ಕೇಳಿದಾಗ ಇಂಥದ್ದರಲ್ಲಿ ತಲೆ ಹಾಕಲ್ಲ ಅನ್ನುತ್ತೆ. ನಾಲ್ಕೇ ಅಕ್ಷರ ಕಲಿತ ಬಾಕ್ಸರ್ ಕುದುರೆ ದುಡಿದೂ ದುಡಿದೂ ಕುಸಿದಾಗ ಒಂದು ಗಾಡಿ ಬರುತ್ತೆ. ಆಸ್ಪತ್ರೆಗೆ ಅಂದುಕೊಂಡು ಎಲ್ಲವೂ ಬೀಳ್ಕೊಡ್ತವೆ. ಕತ್ತೆ ಆಗ ಗಾಡಿ ಮೇಲಿನ ಬರಹ ಓದಿ ಹೇಳುತ್ತೆ. ಅದು ಕುದುರೆ ಕಡಿಯುವವನ ಗಾಡಿ. ಹೊತ್ತು ಮೀರಿತ್ತು.

ನಾನು ಗುಮಾಸ್ತ. ಹಿಂದೊಮ್ಮೆ ಒಂದು ಸಭೆಯಲ್ಲಿ ಕೇರಿಗೆ ನೀರಿನ ಪೈಪು ಹಾಕಿಸೋದು ಅಂತ ತೀರ್ಮಾನವಾಯ್ತು. ನಡಾವಳಿ ಪುಸ್ತಕಕ್ಕೆ ಬಂದಾಗ ಎರಡು ಪದ ಹೆಚ್ಚಿಗೆ ಇತ್ತು: ಅನುದಾನ ಲಭ್ಯವಾದಲ್ಲಿ. ಕಂಡೆ, ಸುಮ್ಮನಾದೆ. ಕೇರಿಯ ಅಜ್ಜಿಯೊಬ್ಬರು ಬಂದು "ಏನಪ್ಪಾ, ನಮ್ ನೀರಿಂದು ಬರ್ದವ್ರಾ?" ಅಂದ್ರು. "ಹ್ಞೂಂ ಅಜ್ಜಿ, ಬರ್ದವ್ರೆ" ಅಂದೆ. ಹೇಳಿದ್ದು ಸುಳ್ಳಲ್ಲ. ಸಂಕಟ ಇರೋದೇ ಅಲ್ಲಿ.

ರಾಜಕೀಯದಲ್ಲಿ ವ್ಯಕ್ತಿಭಕ್ತಿ ಸರ್ವಾಧಿಕಾರಕ್ಕೆ ದಾರಿ ಅಂತ ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ನಾಯಕ ಹೇಳಿದ್ದೇ ಸರಿ ಅಂದುಕೊಂಡ ಬಾಕ್ಸರ್‌ಗೆ ಆ ಮಾತು ತಾಕುತ್ತೆ, ನಿಜ. ಆದ್ರೆ ಅಕ್ಷರ ಬಾರದವನ ಭಕ್ತಿಗಿಂತ ಅಕ್ಷರ ಬಂದವನ ಮೌನ ದೊಡ್ಡ ತಪ್ಪು. ನಮ್ಮನ್ನ ಓದಿಸಿದ್ದು ಕೇರಿ. ಓದಿ ಹೇಳೋ ಸಾಲ ನಮ್ಮ ಮೇಲಿದೆ.

ಇದು ಸರ್ಕಾರಿ ಕಚೇರಿಗಷ್ಟೇ ಹೇಳ್ತಿರೋ ಮಾತಲ್ಲ, ನಮ್ಮ ಸಂಘಟನೆಗಳಿಗೂ ಸೇರಿ. ಮುಂದಿನ ಸಭೆಯಲ್ಲಿ ಸಹಿ ಹಾಕೋಕೆ ಮುಂಚೆ, ನಡಾವಳಿಯನ್ನ ಹಿಂದಿನ ಸಾಲಲ್ಲಿ ಕೂತವರಿಗೂ ಕೇಳೋ ಹಾಗೆ ಯಾರಾದ್ರೂ ಜೋರಾಗಿ ಓದಿ. ಯಾರೂ ಎದ್ದೇಳದಿದ್ರೆ ನಾನು ಓದ್ತೀನಿ.

ಜೈ ಭೀಮ್.