ಅಂಬಲಿ ಮತ್ತು ಅಕ್ಷರ

ಶಿಕಾರಿಪುರದ ಸೀಮೆಯಲ್ಲಿ ಅಂಬ್ಲಿಗೊಳವೆಂದರೆ ಇಂದಿನವರಿಗೆ ಮೊದಲು ನೆನಪಾಗುವುದು ಅಲ್ಲಿಯ ಜಲಾಶಯ. ಆ ಊರಿನ ಹೆಸರು ಹೇಗೆ ಬಂತೆಂಬುದನ್ನು ಸ್ಥಳನಾಮಗಳನ್ನು ಬಲ್ಲವರು ಹೇಳಲಿ. ಸಾಮಾನ್ಯನಾದ ನನ್ನ ಕಿವಿಗೆ ಮಾತ್ರ ಅದರಲ್ಲಿ ‘ಅಂಬಲಿ’ ಎಂಬ ಮಾತೇ ಕೇಳಿಸುತ್ತದೆ. ಅದಕ್ಕೆ ಕಾರಣವಿಲ್ಲದಿಲ್ಲ. ಹೊತ್ತಿನ ಅಂಬಲಿಗಾಗಿ ಅಕ್ಷರವನ್ನು ಬಿಟ್ಟುಕೊಟ್ಟ ಹುಡುಗನೊಬ್ಬನನ್ನು ನಾನು ಕಂಡದ್ದು ಆ ಸೀಮೆಯಲ್ಲಿಯೇ. ಇಂದಿನ ನನ್ನ ಮಾತು ಅವನಿಂದ ಮೊದಲಾಗಿ, ಅವನಂಥವರ ಚರಿತ್ರೆಯ ಕಡೆಗೆ ಸಾಗುತ್ತದೆ.

ಅರವತ್ತು ವರ್ಷಗಳಿಗೂ ಹಿಂದಿನ ಸಂಗತಿ. ಒಂದು ಯುಗಾದಿಯ ಮರುದಿನ ಅವನ ತಂದೆ ಅವನನ್ನು ನಮ್ಮ ಮನೆಗೆ ತಂದು ಬಿಟ್ಟ. ಜೀತದ ವರ್ಷ ಯುಗಾದಿಯಿಂದ ಯುಗಾದಿಗೆ. ತಂದೆಗೆ ಇಷ್ಟು ಭತ್ತ, ಹುಡುಗನಿಗೆ ಒಂದು ಕಂಬಳಿ, ಎರಡು ಹೊತ್ತಿನ ಊಟ—ಇದು ಕರಾರು. ಅದನ್ನು ಯಾರೂ ಬರೆಯಲಿಲ್ಲ. ಬರೆಯಬೇಕಾದ ಅಗತ್ಯವನ್ನೂ ಯಾರೂ ಕಾಣಲಿಲ್ಲ. ಅವನಿಗೂ ನನಗೂ ಒಂದೇ ವಯಸ್ಸು, ಎಂಟೋ ಒಂಬತ್ತೋ. ಆದರೂ ಅವನು ನನ್ನನ್ನು ‘ಸಣ್ಣ ಗೌಡ್ರೆ’ ಎಂದು ಬಹುವಚನದಲ್ಲಿ ಕರೆಯುತ್ತಿದ್ದ. ನಾನು ಅವನನ್ನು ‘ಬಾರೋ, ಹೋಗೋ’ ಎನ್ನುತ್ತಿದ್ದೆ. ವ್ಯಾಕರಣದ ಮೊದಲ ಪಾಠವನ್ನು ನಾವಿಬ್ಬರೂ ಹೀಗೆ ಮನೆಯ ಅಂಗಳದಲ್ಲಿಯೇ ಕಲಿತುಬಿಟ್ಟಿದ್ದೆವು.

ನಾನು ಶಾಲೆಗೆ ಹೋದರೆ ಅವನು ದನಗಳೊಡನೆ ಕಾನಿನ ಅಂಚಿಗೆ ಹೋಗುತ್ತಿದ್ದ. ಒಂದು ಸಂಜೆ ಅವನು ನನ್ನ ಸ್ಲೇಟನ್ನು ಮುಟ್ಟಿ ನೋಡಿದ. “ನಿನ್ನ ಹೆಸರು ಬರೆದು ತೋರಿಸಲೇನೋ?” ಎಂದೆ. “ನನ್ನದು ಬ್ಯಾಡ, ಕೌಲೇದು ಬರೀರಿ” ಎಂದ. ಕೌಲೆ ನಮ್ಮ ಮನೆಯ ಹಸು. ಅವನು ಕಾಯುವ ಮಂದೆಯಲ್ಲಿ ಅವನಿಗೆ ಮೆಚ್ಚಿನದು. ಎರಡೇ ಅಕ್ಷರ. ನಾಲ್ಕು ದಿನಗಳಲ್ಲಿ ಅವನು ಅದನ್ನು ತಾನೇ ಬರೆಯತೊಡಗಿದ. ಐದನೆಯ ದಿನ ಅವನು ನೆಲದ ಮೇಲೆ ಕಡ್ಡಿಯಿಂದ ಅದನ್ನೇ ತಿದ್ದುತ್ತ ಕುಳಿತಿದ್ದಾಗ ದನಗಳು ಪಕ್ಕದವರ ಗದ್ದೆಗೆ ನುಗ್ಗಿದವು. ಆ ರಾತ್ರಿ ಅವನಿಗೆ ಏಟು ಬಿತ್ತು. ನನಗೆ ಏಟು ಬೀಳಲಿಲ್ಲ, ನಮ್ಮ ತಂದೆ ಒಂದೇ ಪ್ರಶ್ನೆ ಕೇಳಿದರು: “ಅವನಿಗೆ ಅಕ್ಷರ ಕಲಿಸಿದರೆ ನಾಳೆ ದನ ಯಾರು ಕಾಯಬೇಕೋ?”

ನಮ್ಮ ತಂದೆ ಕೆಟ್ಟವರಾಗಿರಲಿಲ್ಲ. ಹಸಿದು ಬಂದವರಿಗೆ ಇಲ್ಲವೆನ್ನದ ಮನೆ ನಮ್ಮದು. ಆದುದರಿಂದಲೇ ಆ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅದು ಒಬ್ಬ ಮನುಷ್ಯನ ಪ್ರಶ್ನೆಯಲ್ಲ, ಒಂದು ಚರಿತ್ರೆಯ ಪ್ರಶ್ನೆ ಎಂಬುದು ನನಗೆ ಹೊಳೆಯಲು ಬಹಳ ಕಾಲ ಹಿಡಿಯಿತು.

ನೋಡಿ, ವಿದ್ಯೆಗೆ ಬಡವಾದ ನಾಡೇನಲ್ಲ ನಮ್ಮದು. ಅದೇ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಐದನೆಯ ಶತಮಾನದ ಕಲ್ಲಿನ ಕಂಬವೊಂದು ನಿಂತಿದೆ. ಕುಬ್ಜನೆಂಬ ಕವಿ ರಚಿಸಿದ ಅದರ ಶಾಸನ ಹೇಳುವುದು ಒಬ್ಬ ವಿದ್ಯಾರ್ಥಿಯ ಕಥೆಯನ್ನು. ಮಯೂರಶರ್ಮನು ಗುರು ವೀರಶರ್ಮನೊಡನೆ ಹೆಚ್ಚಿನ ವಿದ್ಯೆಗಾಗಿ ಕಂಚಿಯ ಘಟಿಕೆಗೆ ಹೋದ; ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಜಗಳವಾಯಿತು; ಅವಮಾನಗೊಂಡ ಶಿಷ್ಯ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಕದಂಬ ರಾಜ್ಯದ ಮೊದಲು ಅದು. ಓದಲು ಹೋದ ಒಬ್ಬ ತರುಣನಿಗಾದ ಅಪಮಾನ ರಾಜ್ಯವೊಂದನ್ನೇ ಹುಟ್ಟಿಸಿತೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಓದಲು ಹೋಗಲೇ ಆಗದವರ ಅಪಮಾನವನ್ನು ಕೊರೆದಿಟ್ಟ ಕಲ್ಲು ಮಾತ್ರ ನಮ್ಮಲ್ಲಿ ಇಲ್ಲ.

ಅದೇ ತಾಲೂಕಿನ ಬಳ್ಳಿಗಾವೆಯ ಕೋಡಿಯಮಠವನ್ನು ಕುರಿತು 1162ರ ಶಾಸನವೊಂದಿದೆ. ಕಳಚುರಿ ಬಿಜ್ಜಳನ ಕಾಲದ್ದು. ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅದನ್ನು ಓದಬಹುದು. ನಾಲ್ಕು ವೇದಗಳು, ಹಲವು ವ್ಯಾಕರಣಗಳು, ಷಡ್ದರ್ಶನಗಳು, ಪುರಾಣಗಳು, ಕಾವ್ಯನಾಟಕಗಳು ಇವೆಲ್ಲಕ್ಕೂ ಆ ಮಠ ನೆಲೆಯಾಗಿತ್ತು. ಅಷ್ಟೇ ಅಲ್ಲ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಗಾಯಕರು, ವಾದಕರು, ನರ್ತಕರು ಎಲ್ಲರಿಗೂ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ಅನ್ನವೂ ಅಕ್ಷರವೂ ಒಂದೇ ಸೂರಿನ ಕೆಳಗೆ ಇರಬೇಕೆಂಬ ಅರಿವು ಈ ನೆಲಕ್ಕೆ ಎಂಟುನೂರು ವರ್ಷಗಳಿಗೂ ಹಿಂದೆಯೇ ಇದ್ದಿತೆಂಬುದು ಸಣ್ಣ ಮಾತಲ್ಲ. ಆದರೆ ಆ ಶಾಸನವನ್ನು ಇನ್ನೊಮ್ಮೆ ಓದಿದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಓದುವವರ ಪಟ್ಟಿ ಬೇರೆ, ಉಣ್ಣುವವರ ಪಟ್ಟಿ ಬೇರೆ. ದತ್ತಿಯ ಗದ್ದೆಗಳನ್ನು ಉತ್ತು ಆ ಅನ್ನವನ್ನು ಬೆಳೆದವರ ಮಕ್ಕಳು ಯಾವ ಪಟ್ಟಿಯಲ್ಲೂ ಇಲ್ಲ.

ಆ ಮಕ್ಕಳಿಗೆ ಮಲೆನಾಡು ಬೇರೆ ಹೆಸರನ್ನು ಇಟ್ಟಿತ್ತು. ಒಡೆಯನ ಮನೆಯಲ್ಲಿಯೇ ಆಳಿನ ಮಗನಾಗಿ ಹುಟ್ಟಿ ಆಳಾಗಿಯೇ ಬೆಳೆದವನು ‘ಹುಟ್ಟಾಳು’. ನೆಲದೊಡನೆ ಸೇರಿ ನೆಲದೊಡನೆಯೇ ಕೈಬದಲಾಗುವವನು ‘ಮಣ್ಣಾಳು’. ಹುಟ್ಟು ಮತ್ತು ಮಣ್ಣು, ಎರಡೂ ಮಂಗಳವಾದ ಶಬ್ದಗಳು. ಅವುಗಳ ಪಕ್ಕದಲ್ಲಿ ‘ಆಳು’ ಬಂದು ಕುಳಿತಾಗ ಬಾಲ್ಯವೆಂಬುದಕ್ಕೆ ಜಾಗವೇ ಉಳಿಯುವುದಿಲ್ಲ.

ಇನ್ನು ಕಾನೂನಿನ ಚರಿತ್ರೆ. 1881ರ ಕಾರ್ಖಾನೆ ಕಾಯಿದೆ ಏಳು ವರ್ಷಕ್ಕೆ ಕಡಿಮೆಯವರನ್ನು ಕೆಲಸಕ್ಕೆ ತೆಗೆದುಕೊಳ್ಳಬಾರದೆಂದಿತು. ಏಳರಿಂದ ಹನ್ನೆರಡರವರೆಗಿನವರಿಗೆ ದಿನಕ್ಕೆ ಒಂಬತ್ತು ಗಂಟೆಯ ದುಡಿಮೆಯನ್ನು ವಿಧಿಸಿತು. ಅದು ಕರುಣೆಯ ಕಾಯಿದೆ ಎಂಬುದನ್ನು ನೆನಪಿಡಿ! 1933ರಲ್ಲಿ, ತಂದೆತಾಯಿಗಳು ಮಕ್ಕಳ ದುಡಿಮೆಯನ್ನು ಅಡವಿಡುವ ಕರಾರು ಅಸಿಂಧುವೆಂಬ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ ಬಂದಿತು. 1938ರಲ್ಲಿ ಮತ್ತೊಂದು. ಈ ಕಾಯಿದೆಗಳ ಕಣ್ಣು ಬಹುಮಟ್ಟಿಗೆ ಕಾರ್ಖಾನೆಯ ಹೊಗೆಗೊಳವೆಯ ಮೇಲಿತ್ತು. ಕಾನಿನ ಅಂಚಿನಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಿಂತ ಹುಡುಗ ಯಾವ ಇನ್‌ಸ್ಪೆಕ್ಟರನ ಕಣ್ಣಿಗೂ ಬೀಳುವಂತಿರಲಿಲ್ಲ.

ಕೆಲಸ ಬಿಡಿಸುವ ದಾರಿ ಒಂದಾದರೆ ಶಾಲೆಗೆ ಕರೆಯುವ ದಾರಿ ಇನ್ನೊಂದು. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಮಸೂದೆಯನ್ನು ಮಂಡಿಸಿದರು. ಮರುವರ್ಷ ಅದು ಬಿದ್ದುಹೋಯಿತು. ಅದನ್ನು ವಿರೋಧಿಸಿದವರಲ್ಲಿ ದೊಡ್ಡ ಜಮೀನುದಾರರೂ ಇದ್ದರು. ಹುಡುಗರೆಲ್ಲ ಶಾಲೆಗೆ ಹೋದರೆ ಹೊಲದ ಕೆಲಸ ನಡೆಯುವುದು ಹೇಗೆ ಎಂಬುದು ಅವರ ಅಂಜಿಕೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕುಳಿತೆ. ದನ ಯಾರು ಕಾಯಬೇಕೆಂದು ನಮ್ಮ ತಂದೆ ಹಜಾರದಲ್ಲಿ ಕೇಳಿದ್ದನ್ನು ದೊರೆಗಳೂ ಜಮೀನುದಾರರೂ ಅರ್ಧ ಶತಮಾನದ ಹಿಂದೆಯೇ ಕೇಳಿದ್ದರು. ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಕಡ್ಡಾಯ ಶಿಕ್ಷಣದ ಕಾಯಿದೆ ಬಂದದ್ದು ನಿಜ. ಆದರೆ ಆಯ್ದ ಕೆಲವು ಸ್ಥಳಗಳಲ್ಲಿ ಮಾತ್ರ. 1950ರ ಸಂವಿಧಾನ ಹತ್ತು ವರ್ಷಗಳೊಳಗೆ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣವನ್ನು ಕೊಡಲು ಯತ್ನಿಸಬೇಕೆಂದು ನಿರ್ದೇಶಿಸಿತು. ಆ ಗಡುವು ತೀರಿದ ಮೇಲೆಯೇ ನಮ್ಮ ಮನೆಯ ಹುಡುಗ ಕೌಲೆಯ ಹೆಸರು ತಿದ್ದಿ ಏಟು ತಿಂದದ್ದು.

ಹಾಗಾದರೆ ಬಾಗಿಲು ತೆರೆದವರು ಯಾರೂ ಇಲ್ಲವೆ? ಇದ್ದರು. ಘಟ್ಟದ ಕೆಳಗೆ, ಮಂಗಳೂರಿನಲ್ಲಿ, ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಸ್ವಜಾತಿಯವರು ಅವರನ್ನು ದೂರವಿಟ್ಟರು. ಶಾಲೆಗೆ ಮಕ್ಕಳನ್ನು ಕರೆತರುವುದೂ ಸುಲಭವಿರಲಿಲ್ಲ. ಮನೆಯಲ್ಲಿ ಆ ಮಕ್ಕಳ ದುಡಿಮೆಯ ಕಾಸಿಗೆ ಕಾದು ಕುಳಿತವರಿದ್ದರು. ರಂಗರಾಯರು ಉಪನ್ಯಾಸ ಮಾಡಲಿಲ್ಲ. ಮಧ್ಯಾಹ್ನದ ಊಟವನ್ನೂ ದಿನಕ್ಕಿಷ್ಟು ಕಾಸನ್ನೂ ಕೊಟ್ಟರು. ಮಗು ಶಾಲೆಗೆ ಬಂದರೆ ಮನೆ ಏನನ್ನು ಕಳೆದುಕೊಳ್ಳುತ್ತದೆ ಎಂಬ ಲೆಕ್ಕವನ್ನು ಅವರು ಹಾಕಿದ್ದರು. ಈ ಚರಿತ್ರೆಯಲ್ಲಿ ನನಗೆ ಕಂಡ ಸತ್ಯ ಇಷ್ಟೇ: ಅಂಬಲಿಯ ಲೆಕ್ಕ ಹಾಕದೆ ಅಕ್ಷರವನ್ನು ಕೊಡಹೊರಟವರ ಶಾಲೆಗೆ ಉಳ್ಳವರ ಮಕ್ಕಳು ಮಾತ್ರ ಬಂದರು.

ಅಂಬಲಿಯ ಲೆಕ್ಕದ ಬೆನ್ನಿಗೆ ನೆಲದ ಲೆಕ್ಕವೂ ಇದೆ. ನಮ್ಮ ನೆರೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಅಳತೆಯ ಕೊಳಗದ ಅನ್ಯಾಯದ ವಿರುದ್ಧ ಎದ್ದು ನಿಂತದ್ದು ಎಲ್ಲರಿಗೂ ತಿಳಿದ ಸಂಗತಿ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಉಳುವವರು ಹೊಲದೊಡೆಯರಾದರು; ಅನೇಕ ಗೇಣಿದಾರರ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದರು. 1976ರಲ್ಲಿ ಜೀತಪದ್ಧತಿಯನ್ನು ರದ್ದುಗೊಳಿಸಿದ ಕೇಂದ್ರದ ಕಾಯಿದೆ ಬಂದಿತು. ಆದರೆ ನಮ್ಮ ಹುಡುಗನ ತಂದೆ ಗೇಣಿದಾರನೂ ಆಗಿರಲಿಲ್ಲ, ಬರಿಯ ಕೂಲಿಯಾಳು. ಗೇಣಿಚೀಟಿಯೇ ಇಲ್ಲದವನಿಗೆ ಯಾವ ನ್ಯಾಯಮಂಡಳಿ ಏನು ಕೊಟ್ಟೀತು?

ಕನ್ನಡಿಗರಾದ ಎಂ. ಎಸ್. ಗುರುಪಾದಸ್ವಾಮಿಯವರ ನೇತೃತ್ವದ ಸಮಿತಿ 1979ರಲ್ಲಿ ಬಾಲದುಡಿಮೆಯನ್ನು ಕುರಿತು ವಿಚಾರ ಮಾಡಿತು. ಬಡತನವಿರುವವರೆಗೆ ಪೂರ್ಣ ನಿಷೇಧ ಕಾರ್ಯಸಾಧ್ಯವಲ್ಲ, ಅಪಾಯದ ಕೆಲಸಗಳನ್ನಾದರೂ ನಿಷೇಧಿಸಿ ಉಳಿದವನ್ನು ನಿಯಂತ್ರಿಸಬೇಕು ಎಂಬುದು ಅದರ ಅಭಿಪ್ರಾಯ. 1986ರ ಕಾಯಿದೆ ಅದೇ ಹಾದಿಯಲ್ಲಿ ನಡೆಯಿತು. ಹದಿನಾಲ್ಕರೊಳಗಿನ ಮಕ್ಕಳಿಗೆ ಎಲ್ಲ ಬಗೆಯ ಕೂಲಿಯನ್ನೂ ನಿಷೇಧಿಸಲು 2016 ಬರಬೇಕಾಯಿತು. ಆಗಲೂ ಶಾಲೆಯ ಹೊತ್ತಿನ ಆಚೆ ಮನೆಯ ಕಸುಬಿನಲ್ಲಿ ನೆರವಾಗುವುದಕ್ಕೆ ವಿನಾಯಿತಿ ಉಳಿಯಿತು. ಆ ಸಂದಿಯಲ್ಲಿ ಎಷ್ಟು ದನಗಳು ನುಗ್ಗಬಹುದೆಂಬುದನ್ನು ಹಳ್ಳಿ ಬಲ್ಲವರಿಗೆ ಹೇಳಬೇಕಾಗಿಲ್ಲ.

ಈ ನಡುವೆ ದುಡಿಯುವ ಮಕ್ಕಳನ್ನೇ ಮಾತನಾಡಿಸಿದವರೂ ಇದ್ದಾರೆ. 1990ರಲ್ಲಿ ಕರ್ನಾಟಕದ ದುಡಿಯುವ ಮಕ್ಕಳು, ಅವರಿಗಾಗಿ ಶ್ರಮಿಸುತ್ತಿದ್ದ ಬೆಂಗಳೂರಿನ ಸಂಸ್ಥೆಯೊಂದರ ನೆರವಿನಿಂದ, ‘ಭೀಮಸಂಘ’ವೆಂಬ ತಮ್ಮದೇ ಸಂಘ ಕಟ್ಟಿಕೊಂಡರು. ಆ ದಶಕದಲ್ಲಿಯೇ ಕುಂದಾಪುರ ತಾಲೂಕಿನಲ್ಲಿ ‘ಮಕ್ಕಳ ಪಂಚಾಯತಿ’ಗಳು ಮೊದಲಾದವು. ಅಲ್ಲಿ ಮಕ್ಕಳು ಹಿರಿಯರ ಮುಂದಿಟ್ಟ ಕೊರತೆಗಳಲ್ಲಿ ಒಂದು, ಹಳ್ಳಕ್ಕೆ ಕಾಲುಸಂಕ. ಮಳೆಗಾಲದಲ್ಲಿ ಹಳ್ಳ ದಾಟಲಾಗದೆ ಶಾಲೆ ತಪ್ಪಿದ ಮಗು ಮನೆಯ ಕೆಲಸಕ್ಕೆ ನಿಲ್ಲುತ್ತದೆ. ಒಮ್ಮೆ ನಿಂತದ್ದು ಮತ್ತೆ ಹೊರಡುವುದಿಲ್ಲ. ಇದು ದೊಡ್ಡವರ ವರದಿಗಳಲ್ಲಿ ಸುಲಭವಾಗಿ ಕಾಣುವ ಕಾರಣವಲ್ಲ. ನಮ್ಮ ಸೀಮೆಯ ಮಟ್ಟಿಗೆ ನಾನೊಂದು ಮಾತು ಸೇರಿಸುತ್ತೇನೆ. ಶಾಲೆ ತೆರೆಯುವ ಹೊತ್ತಿಗೇ ಮುಂಗಾರು ಬರುತ್ತದೆ, ಬಿತ್ತನೆಯೂ ಬರುತ್ತದೆ. ವರ್ಷದ ಮೊದಲ ಪಾಠಕ್ಕೂ ಮೊದಲ ಉಳುಮೆಗೂ ಒಂದೇ ಮುಹೂರ್ತ. ಬಡವನ ಮಗ ಮೊದಲ ಪಾಠವನ್ನೇ ಕಳೆದುಕೊಂಡು ವರ್ಷವಿಡೀ ಹಿಂದುಳಿಯುತ್ತಾನೆ.

ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕರೆತರಲು ಈ ಶತಮಾನದ ಆರಂಭದಲ್ಲಿ ಕರ್ನಾಟಕದಲ್ಲಿ ‘ಚಿಣ್ಣರ ಅಂಗಳ’, ‘ಕೂಲಿಯಿಂದ ಶಾಲೆಗೆ’ ಎಂಬ ಕಾರ್ಯಕ್ರಮಗಳು ನಡೆದವು. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾದ ‘ಅಕ್ಷರ ದಾಸೋಹ’ ಮುಂದೆ ನಾಡಿಗೆಲ್ಲ ಹಬ್ಬಿತು. ಆ ಹೆಸರನ್ನು ಕೇಳಿದಾಗ ನನಗೆ ಬಳ್ಳಿಗಾವೆಯ ಕಲ್ಲು ನೆನಪಾಯಿತು. ಎರಡು ಪಟ್ಟಿಗಳು ಕೊನೆಗೂ ಒಂದಾದವು: ಓದುವವರೇ ಉಣ್ಣುವವರು, ಉಣ್ಣುವವರೇ ಓದುವವರು. 2010ರ ಏಪ್ರಿಲ್ ಒಂದರಿಂದ ಶಿಕ್ಷಣ ಮಗುವಿನ ಹಕ್ಕು ಎಂಬ ಕಾಯಿದೆಯೂ ಜಾರಿಗೆ ಬಂದಿತು.

ಕೆಲವು ವರ್ಷಗಳ ಹಿಂದೆ ಊರಿಗೆ ಹೋದವನು ಅಂಬ್ಲಿಗೊಳದ ಏರಿಯ ಬಳಿ ಅವನನ್ನು ಕಂಡೆ. ಮೊಮ್ಮಗಳು ಸಮವಸ್ತ್ರ ತೊಟ್ಟು ಶಾಲೆಯಿಂದ ಬರುವುದನ್ನು ಕಾಯುತ್ತ ನಿಂತಿದ್ದ. ನನ್ನನ್ನು ಗುರುತಿಸಿದ, ಈಗಲೂ ‘ಸಣ್ಣ ಗೌಡ್ರೆ’ ಎಂದೇ ಕರೆದ. ನನ್ನ ಬಾಯಲ್ಲಿ ಈಗ ‘ನೀವು’ ಎಂದೇ ಬಂತು. ಅವನು ಅದಕ್ಕೆ ಸಂಕೋಚಪಟ್ಟ. ಪಡಿತರದ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಬಂದಿದ್ದನಂತೆ. “ಈಗ ಎಲ್ಲಾರ್ದೂ ಹೆಬ್ಬೆಟ್ಟೇ ಅಲ್ವರಾ, ಓದಿದೋರ್ದೂ” ಎಂದು ನಕ್ಕ. ಸ್ಲೇಟಿನ ಮಾತು ತೆಗೆದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ನನ್ನ ಹೆಸರು ಬರೆಯೋದು ಕಲೀಲೇ ಇಲ್ಲ ನೋಡಿ. ಕೌಲೇದು ಈಗ್ಲೂ ಬರೀತೀನಿ.”

ಮಿತ್ರರೆ, ನಾನು ಹೇಳಬೇಕಾದುದು ಅವನ ಆ ಒಂದು ಮಾತಿನಲ್ಲಿ ಮುಗಿದಿದೆ. ನಮ್ಮ ಹಸುವಿನ ಹೆಸರನ್ನು ಬರೆಯಬಲ್ಲ, ತನ್ನ ಹೆಸರನ್ನು ಬರೆಯಲಾರ. ಆ ಮನೆಯಲ್ಲಿ ಉಂಡು, ಅವನು ಕಾಯ್ದ ದನಗಳ ಹಾಲು ಕುಡಿದು ಶಾಲೆಗೆ ಹೋದವನು ನಾನು. ನನ್ನ ಅಕ್ಷರದಲ್ಲಿ ಅವನ ಪಾಲೂ ಇದೆ. ಇಂದೂ ಗುಳೆ ಹೋಗುವ ಕುಟುಂಬಗಳ ಹಿಂದೆ ನಡೆದ ಮಕ್ಕಳು ಇಟ್ಟಿಗೆಯ ಗೂಡುಗಳಲ್ಲಿ, ಹೋಟೆಲುಗಳ ಹಿತ್ತಿಲಲ್ಲಿ ಸಿಗುತ್ತಾರೆ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಕೆಲಸಕ್ಕೆ ಹೋದ ಮಕ್ಕಳಲ್ಲಿ ಎಲ್ಲರೂ ಮರಳಿ ಬರಲಿಲ್ಲ. ಅವರನ್ನು ಕಂಡಾಗ ನಮ್ಮೊಳಗೆ ಹಳೆಯ ಪ್ರಶ್ನೆ ಏಳುತ್ತದೆ: ಈ ಕೆಲಸವನ್ನು ಮತ್ತೆ ಯಾರು ಮಾಡಬೇಕು?

ದನ ಯಾರದೋ ಅವರು ಕಾಯಬೇಕು. ಎಂಟು ವರ್ಷದ ನನಗೆ ಅಂದು ಈ ಉತ್ತರ ಹೊಳೆದಿರಲಿಲ್ಲ.

(ಬಾನುಲಿ ಭಾಷಣ)